ಹಳೆಯ ಕಾರಿನ ಜೀರ್ಣೋದ್ಧಾರ: ಅಮೆರಿಕದ ಮನೆಯಂಗಳದ ಒಂದು ಚರಿತ್ರೆ



ಚರಿತ್ರೆಯೆಂದರೆ ರಾಜವಂಶಗಳ ಪಟ್ಟಿ, ಯುದ್ಧಗಳ ಇಸವಿ, ಒಪ್ಪಂದಗಳ ಷರತ್ತು ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಒಂದು ಸಮಾಜವು ತನ್ನ ಹಳೆಯ ವಸ್ತುಗಳನ್ನು ಏನು ಮಾಡುತ್ತದೆ, ಎಸೆಯುತ್ತದೆಯೋ, ಕೂಡಿಡುತ್ತದೆಯೋ, ತಿದ್ದಿ ಮತ್ತೆ ಬಳಸುತ್ತದೆಯೋ ಎಂಬುದೂ ಚರಿತ್ರೆಯೇ. ಅದನ್ನು ಬರೆಯುವವರು ಆಸ್ಥಾನ ಕವಿಗಳಲ್ಲ. ಕೈಗೆ ಗ್ರೀಸು ಮೆತ್ತಿಕೊಂಡ ಸಾಮಾನ್ಯರು. ಇಂದು ನಾನು ಹೇಳಹೊರಟಿರುವುದು ಅಂಥವರ ಕಥೆ. ಅಮೆರಿಕದಲ್ಲಿ ಮನೆಯ ಪಕ್ಕದ ಶೆಡ್ಡಿನಲ್ಲಿ ಹಳೆಯ ಕಾರನ್ನು ಬಿಚ್ಚಿ, ತೊಳೆದು, ಬೆಸುಗೆ ಹಾಕಿ, ಬಣ್ಣ ಬಳಿದು, ಮತ್ತೆ ರಸ್ತೆಗಿಳಿಸುವ ಲಕ್ಷಾಂತರ ಜನರಿದ್ದಾರೆ. ಆ ಹವ್ಯಾಸವು ಎಲ್ಲಿಂದ ಬಂತು, ಯಾಕೆ ಬಂತು, ಅದರಲ್ಲಿ ಏನು ಅಡಗಿದೆ ಎಂಬುದು ಈ ಲೇಖನದ ವಸ್ತು.

ಮೊದಲಿಗೆ ಎರಡು ಮಾತುಗಳನ್ನು ಬೇರ್ಪಡಿಸಿಕೊಳ್ಳೋಣ. ಕಾರ್ಖಾನೆಯಿಂದ ಹೊರಬಂದ ದಿನ ಕಾರು ಹೇಗಿತ್ತೋ ಹಾಗೆಯೇ ಅದನ್ನು ಮತ್ತೆ ನಿಲ್ಲಿಸುವುದು ಒಂದು ಕ್ರಮ. ಇದನ್ನು ಜೀರ್ಣೋದ್ಧಾರ ಎನ್ನೋಣ. ಕಾರ್ಖಾನೆ ಕೊಟ್ಟದ್ದನ್ನು ಕಚ್ಚಾವಸ್ತುವೆಂದು ಭಾವಿಸಿ, ತನ್ನ ಮನಸ್ಸಿಗೆ ಒಪ್ಪುವ ಆಕಾರಕ್ಕೆ ತಿದ್ದಿಕೊಳ್ಳುವುದು ಇನ್ನೊಂದು ಕ್ರಮ. ಇದು ರೂಪಾಂತರ. ನಮ್ಮ ಊರುಗಳಲ್ಲಿ ಹಳೆಯ ದೇವಸ್ಥಾನದ ಕೆಲಸ ಆರಂಭವಾದಾಗಲೆಲ್ಲ ಇದೇ ವಾದ ಏಳುತ್ತದೆ. ಕಲ್ಲಿನ ಗೋಡೆಯನ್ನು ಇದ್ದಂತೆಯೇ ಉಳಿಸಬೇಕೆಂದು ಕೆಲವರು. ಹೊಸ ಗೋಪುರ ಕಟ್ಟಿಸಿ ಬಣ್ಣ ಹೊಡೆಸಬೇಕೆಂದು ಕೆಲವರು. ಒಬ್ಬರಿಗೆ ಪೂರ್ವಿಕರ ಕೈಗುರುತು ಮುಖ್ಯ, ಇನ್ನೊಬ್ಬರಿಗೆ ತಮ್ಮ ಭಕ್ತಿಯ ಗುರುತು ಮುಖ್ಯ. ಅಮೆರಿಕದ ಕಾರುಪ್ರಿಯರೂ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ವಾದವನ್ನು ನಡೆಸುತ್ತಲೇ ಇದ್ದಾರೆ.

ಮನೆಯಲ್ಲಿ ಕಾರು ಬಿಚ್ಚುವ ಧೈರ್ಯ ಸಾಮಾನ್ಯನಿಗೆ ಬಂದದ್ದು ಹೇಗೆ? ಇದಕ್ಕೆ ಉತ್ತರ 1908ರ ಒಂದು ಪರೀಕ್ಷೆಯಲ್ಲಿದೆ. ಅದಕ್ಕೆ ಮುಂಚೆ ಮೋಟಾರು ಕಾರಿನ ಭಾಗಗಳನ್ನು ಅರದಿಂದ ಉಜ್ಜಿ ಉಜ್ಜಿ ಒಂದೊಂದು ಕಾರಿಗೆ ಪ್ರತ್ಯೇಕವಾಗಿ ಕೂರಿಸುತ್ತಿದ್ದರು. ಒಂದರ ಪಿಸ್ಟನ್ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಆ ವರ್ಷ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ, ರಾಯಲ್ ಆಟೋಮೊಬೈಲ್ ಕ್ಲಬ್ಬಿನ ಮೇಲ್ವಿಚಾರಣೆಯಲ್ಲಿ, ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಕಳಚಿದರು. ಮೂರರ ಬಿಡಿಭಾಗಗಳನ್ನೂ ಒಂದೇ ರಾಶಿಯಲ್ಲಿ ಬೆರೆಸಿದರು. ಕೆಲವನ್ನು ತೆಗೆದಿಟ್ಟು ಅವುಗಳ ಬದಲಿಗೆ ಮಾರಾಟಗಾರರ ದಾಸ್ತಾನಿನಿಂದ ಹೊಸ ಭಾಗಗಳನ್ನು ತರಿಸಿದರು. ಅನಂತರ ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಜೋಡಿಸಿ 500 ಮೈಲಿ ಓಡಿಸಿದರು. ಮೂರೂ ಓಡಿದವು. ಕ್ಯಾಡಿಲಾಕಿನ ಹೆನ್ರಿ ಲೆಲ್ಯಾಂಡ್ ಅವರ ಅಳತೆಯ ನಿಷ್ಠೆಗೆ ಡ್ಯೂವರ್ ಟ್ರೋಫಿ ಎಂಬ ಪ್ರಶಸ್ತಿ ದೊರೆಯಿತು. ಭಾಗ ಹಾಳಾದರೆ ಅದೇ ಅಳತೆಯ ಇನ್ನೊಂದು ಭಾಗ ತಂದು ಕೂರಿಸಬಹುದು ಎಂಬ ನಂಬಿಕೆಯೇ ಮನೆಯಲ್ಲಿ ನಡೆಯುವ ಎಲ್ಲ ಜೀರ್ಣೋದ್ಧಾರದ ಅಡಿಗಲ್ಲು.

ಅದೇ 1908ರ ಅಕ್ಟೋಬರಿನಲ್ಲಿ ಹೆನ್ರಿ ಫೋರ್ಡ್ ಅವರ ಮಾಡೆಲ್ ಟಿ ಮಾರುಕಟ್ಟೆಗೆ ಬಂತು. 20 ಅಶ್ವಶಕ್ತಿಯ ಆ ಕಾರು 1927ರವರೆಗೆ ತಯಾರಾಯಿತು. ಒಟ್ಟು ಸಂಖ್ಯೆ ಒಂದೂವರೆ ಕೋಟಿಯನ್ನು ದಾಟಿತು. ಆರಂಭದಲ್ಲಿ 850 ಡಾಲರ್ ಇದ್ದ ಬೆಲೆ, 1925ರ ಹೊತ್ತಿಗೆ ಎರಡು ಆಸನದ ಮಾದರಿಗೆ 260 ಡಾಲರಿಗೆ ಇಳಿಯಿತು. ರೈತನ ಕೈಗೆ ಎಟುಕಿದ ಈ ಯಂತ್ರವನ್ನು ರೈತನು ಕೇವಲ ಸವಾರಿಗೆ ಬಳಸಲಿಲ್ಲ. ಹಿಂದಿನ ಚಕ್ರವನ್ನು ಜಾಕಿಯ ಮೇಲೆತ್ತಿ, ಅದಕ್ಕೆ ಪಟ್ಟಿ ಸುತ್ತಿ, ಗರಗಸ ತಿರುಗಿಸಿದ, ನೀರೆತ್ತಿದ. ಕೆಲವರು ಹಿಂಬದಿಯನ್ನು ಕತ್ತರಿಸಿ ಸರಕು ಗಾಡಿ ಮಾಡಿಕೊಂಡರು. ಕೆಲವರು ಚಕ್ರ ಬದಲಾಯಿಸಿ ಟ್ರ್ಯಾಕ್ಟರ್ ಮಾಡಿಕೊಂಡರು. ಅಂಚೆಯಲ್ಲಿ ಬಿಡಿಭಾಗ ತರಿಸಿಕೊಳ್ಳುವ ವ್ಯಾಪಾರವೇ ಬೆಳೆಯಿತು. ರೂಪಾಂತರವು ಹುಟ್ಟಿದ್ದು ಶೋಕಿಯಿಂದಲ್ಲ, ಅಗತ್ಯದಿಂದ ಎಂಬುದನ್ನು ಗಮನಿಸಬೇಕು.

ಎರಡನೆಯ ಕಾರಣ ವ್ಯಾಪಾರದ ತಂತ್ರದಲ್ಲಿದೆ. ಫೋರ್ಡ್ ಒಂದೇ ಮಾದರಿಯನ್ನು ವರ್ಷಾನುಗಟ್ಟಲೆ ಮಾರುತ್ತಿದ್ದಾಗ, ಪ್ರತಿಸ್ಪರ್ಧಿ ಜನರಲ್ ಮೋಟಾರ್ಸಿನ ಆಲ್ಫ್ರೆಡ್ ಸ್ಲೋನ್ ಪ್ರತಿವರ್ಷವೂ ಕಾರಿನ ರೂಪವನ್ನು ಅಷ್ಟಿಷ್ಟು ಬದಲಿಸುವ ನೀತಿಯನ್ನು ಹಿಡಿದರು. 1927ರಲ್ಲಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರರನ್ನು ಕರೆತಂದು ರೂಪ ಮತ್ತು ಬಣ್ಣಕ್ಕಾಗಿಯೇ ಒಂದು ವಿಭಾಗ ತೆರೆದರು. ಕಳೆದ ವರ್ಷದ ಕಾರು ಕೆಟ್ಟಿರದಿದ್ದರೂ ಹಳತಾಗಿ ಕಾಣತೊಡಗಿತು. ಉಳ್ಳವರು ಹೊಸದನ್ನು ಕೊಂಡರು. ಅವರು ಬಿಟ್ಟದ್ದು ಅಗ್ಗವಾಗಿ ಬಡ ಹುಡುಗರ ಕೈಗೆ ಬಂತು. ಹೀಗೆ ಕಾರ್ಖಾನೆಗಳು ಹೊಸದರ ಆಸೆಯನ್ನು ಬಿತ್ತಿದಷ್ಟೂ ಹಿತ್ತಿಲುಗಳಲ್ಲಿ ಹಳೆಯದರ ಪ್ರೀತಿ ಮೊಳೆಯಿತು.

ಈ ಪ್ರೀತಿಗೆ ನೀರೆರೆದ ನೆಲ ದಕ್ಷಿಣ ಕ್ಯಾಲಿಫೋರ್ನಿಯ. ಅಲ್ಲಿನ ನಗರಗಳಲ್ಲಿ ಹಿಮ ಬೀಳುವುದು ತೀರಾ ಅಪರೂಪ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಪದ್ಧತಿಯಿಲ್ಲದ್ದರಿಂದ ಕಾರಿನ ತಗಡು ಬೇಗ ತುಕ್ಕು ಹಿಡಿಯುವುದಿಲ್ಲ. ಲಾಸ್ ಏಂಜಲೀಸ್ ನಗರದಾಚೆಗೆ ಮುರೋಕ್ ಎಂಬಲ್ಲಿ, ಬತ್ತಿಹೋದ ಕೆರೆಯ ಅಂಗಳ ಮೈಲಿಗಟ್ಟಲೆ ಚಪ್ಪಟೆಯಾಗಿ ಹಾಸಿಕೊಂಡಿತ್ತು. 1930ರ ದಶಕದಲ್ಲಿ ತರುಣರು ಅಲ್ಲಿಗೆ ತಮ್ಮ ಹಳೆಯ ಫೋರ್ಡುಗಳನ್ನು ತಂದು, ಮಡ್ಗಾರ್ಡು, ಮುಂಗಾಜು, ಹೆಡ್‌ಲೈಟುಗಳನ್ನು ಬಿಚ್ಚಿ ಭಾರ ಇಳಿಸಿ, ವೇಗ ಪರೀಕ್ಷಿಸುತ್ತಿದ್ದರು. 1937ರಲ್ಲಿ ಈ ತಂಡಗಳು ಸೇರಿ ಸದರ್ನ್ ಕ್ಯಾಲಿಫೋರ್ನಿಯ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು.

ಅವರ ಅಚ್ಚುಮೆಚ್ಚಿನ ಕಾರು 1932ರ ಫೋರ್ಡ್. ಆರ್ಥಿಕ ಮುಗ್ಗಟ್ಟಿನ ಆ ಕಡುಕಾಲದಲ್ಲಿ ಫೋರ್ಡ್ ಕಂಪನಿಯು ಎಂಟು ಸಿಲಿಂಡರುಗಳನ್ನು ಇಂಗ್ಲಿಷಿನ ವಿ ಅಕ್ಷರದಂತೆ ಜೋಡಿಸಿದ ಎಂಜಿನನ್ನು ಸಾಮಾನ್ಯರ ಬೆಲೆಗೆ ಕೊಟ್ಟಿತು. ಅದುವರೆಗೆ ಎಂಟು ಸಿಲಿಂಡರ್ ಶ್ರೀಮಂತರ ಸೊತ್ತು. ಎಂಜಿನಿನ ಇಡೀ ಒಡಲನ್ನು ಒಂದೇ ಎರಕದಲ್ಲಿ ಹೊಯ್ಯುವ ಕಷ್ಟದ ಕೆಲಸವನ್ನು ಸಾಧಿಸಿದ್ದರಿಂದ ಇದು ಸಾಧ್ಯವಾಯಿತು. ಗಾತ್ರ 221 ಘನ ಅಂಗುಲ, ಶಕ್ತಿ 65 ಅಶ್ವಶಕ್ತಿ, ಬೆಲೆ ಅಗ್ಗದ ಮಾದರಿಗೆ 500 ಡಾಲರಿಗೂ ಕಡಿಮೆ. ಹತ್ತು ವರ್ಷ ಕಳೆದಾಗ ಇವು ಗುಜರಿ ಬೆಲೆಗೆ ಸಿಗುತ್ತಿದ್ದವು.

ಆಮೇಲೆ ಎರಡನೆಯ ಮಹಾಯುದ್ಧ. ಯುದ್ಧಕ್ಕೆ ಹೋದ ಲಕ್ಷಾಂತರ ಅಮೆರಿಕನ್ ತರುಣರು ಸೈನ್ಯದಲ್ಲಿ ಬೆಸುಗೆ, ಲೇತ್, ಎಂಜಿನ್ ರಿಪೇರಿ ಕಲಿತು ಮರಳಿದರು. ಕೈಯಲ್ಲಿ ಉಳಿತಾಯದ ಹಣವಿತ್ತು, ಮನಸ್ಸಿನಲ್ಲಿ ಯುದ್ಧದ ಕನವರಿಕೆಯಿತ್ತು. ರಾತ್ರಿ ಹೊತ್ತು ಶೆಡ್ಡಿನಲ್ಲಿ ಹಳೆಯ ಫೋರ್ಡಿನ ಜೊತೆ ಕಳೆದ ಗಂಟೆಗಳು ಅವರಲ್ಲಿ ಹಲವರಿಗೆ ಮನಸ್ಸನ್ನು ಹತೋಟಿಗೆ ತಂದುಕೊಳ್ಳುವ ದಾರಿಯೂ ಆಗಿದ್ದಿರಬೇಕೆಂದು ನನಗೆ ತೋರುತ್ತದೆ. ಈ ತಿದ್ದಿದ ಕಾರುಗಳಿಗೆ ಹಾಟ್ ರಾಡ್ ಎಂಬ ಹೆಸರು ನಿಂತಿತು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಅದೇ ಹೆಸರಿನ ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯ ಚಿತ್ರ ಸಹಿತ ಲೇಖನಗಳನ್ನು ಓದಿ ದೂರದ ಹಳ್ಳಿಯ ಹುಡುಗನೂ ಕಾರ್ಬ್ಯುರೇಟರ್ ಬದಲಿಸುವುದನ್ನು ಕಲಿತ. ಗುರುವಿಲ್ಲದ ಊರಿಗೆ ಪತ್ರಿಕೆಯೇ ಗುರುವಾಯಿತು. ನಮ್ಮಲ್ಲಿ ಅಂಚೆಯ ಮೂಲಕ ಬರುವ ಮಾಸಪತ್ರಿಕೆಗಾಗಿ ಕಾದು ಕುಳಿತು ವಿಜ್ಞಾನ ಕಲಿತವರಿಗೆ ಈ ಮಾತು ಅರ್ಥವಾಗುತ್ತದೆ.

ಸಮಾಜ ಈ ಹುಡುಗರನ್ನು ಪ್ರೀತಿಯಿಂದ ನೋಡಲಿಲ್ಲ. ಬೀದಿಗಳಲ್ಲಿ ಪಂದ್ಯ ಕಟ್ಟಿ ಪ್ರಾಣ ಕಳೆದುಕೊಂಡವರಿದ್ದರು. ಪತ್ರಿಕೆಗಳು ಎಲ್ಲರನ್ನೂ ಪುಂಡರೆಂದು ಕರೆದವು. ಆಗ ಹಾಟ್ ರಾಡ್ ಪತ್ರಿಕೆಯ ಸಂಪಾದಕರಾಗಿದ್ದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಸ್ಥಾಪಿಸಿದರು. ಬೀದಿಯ ಪಂದ್ಯವನ್ನು ಮೈದಾನಕ್ಕೆ ತರುವುದು, ನಿಯಮ ಮಾಡುವುದು, ಸುರಕ್ಷೆಯ ತಪಾಸಣೆ ನಡೆಸುವುದು ಅದರ ಉದ್ದೇಶ. 1953ರಲ್ಲಿ ಪೊಮೋನ ಎಂಬ ಊರಿನಲ್ಲಿ ಅದರ ಮೊದಲ ಅಧಿಕೃತ ಸ್ಪರ್ಧೆ ನಡೆದಾಗ ಪೊಲೀಸರೇ ಬೆಂಬಲಕ್ಕೆ ನಿಂತರು. ತುಂಟ ಹುಡುಗನನ್ನು ತರಗತಿಯಿಂದ ಹೊರಹಾಕುವುದಕ್ಕಿಂತ ಅವನ ಕೈಗೊಂದು ಕೆಲಸ ಕೊಡುವುದು ಮೇಲು ಎಂಬುದನ್ನು ಉಪಾಧ್ಯಾಯರಾದವರೆಲ್ಲ ಬಲ್ಲರು.

ವೇಗದ ಹಿಂದೆ ಹೋದವರದು ಒಂದು ದಾರಿಯಾದರೆ, ಅಂದದ ಹಿಂದೆ ಹೋದವರದು ಇನ್ನೊಂದು. ಇದರಲ್ಲಿ ದೊಡ್ಡ ಹೆಸರು ಜಾರ್ಜ್ ಬ್ಯಾರಿಸ್ ಮತ್ತು ಸ್ಯಾಮ್ ಬ್ಯಾರಿಸ್ ಸೋದರರದು. (ನಿಮ್ಮ ಮಕ್ಕಳು ನೋಡಿ ನಲಿಯುವ 1966ರ ಬ್ಯಾಟ್‌ಮನ್ ಧಾರಾವಾಹಿಯ ಕಾರು ಜಾರ್ಜ್ ಅವರ ಕೈಯಲ್ಲಿ, 1955ರ ಲಿಂಕನ್ ಫ್ಯೂಚುರ ಎಂಬ ಪ್ರದರ್ಶನದ ಕಾರಿನಿಂದ ಮೂಡಿದ್ದು.) ಅವರ ಕಾಲದ ತಂತ್ರಗಳನ್ನು ಕೇಳಿದರೆ ಆಶ್ಚರ್ಯವಾಗುತ್ತದೆ. ಕಾರಿನ ಮೇಲ್ಛಾವಣಿಯನ್ನು ಹೊತ್ತ ಕಂಬಗಳನ್ನು ಗರಗಸದಿಂದ ಕೊಯ್ದು, ಕೆಲವು ಅಂಗುಲ ತುಂಡರಿಸಿ, ಮತ್ತೆ ಬೆಸೆದು ಛಾವಣಿಯನ್ನು ತಗ್ಗಿಸುತ್ತಿದ್ದರು. ಬಾಗಿಲ ಹಿಡಿಕೆ, ಲಾಂಛನ, ಅಲಂಕಾರದ ಪಟ್ಟಿಗಳನ್ನು ಕಿತ್ತು ತೂತುಗಳನ್ನು ಮುಚ್ಚುತ್ತಿದ್ದರು. ದೀಪಗಳನ್ನು ತಗಡಿನೊಳಗೆ ಹುದುಗಿಸುತ್ತಿದ್ದರು. ನೋಡುವವರಿಗೆ ಇಡೀ ಕಾರು ಒಂದೇ ಲೋಹದ ಮುದ್ದೆಯಿಂದ ಎರೆದಂತೆ ಕಾಣಬೇಕು.

ಬೆಸುಗೆಯ ಗಾಯಗಳನ್ನು ಮುಚ್ಚಲು ಅವರು ಬಳಸುತ್ತಿದ್ದುದು ಸೀಸ ಮತ್ತು ತವರದ ಮಿಶ್ರಣ. ಸಾಮಾನ್ಯವಾಗಿ ನೂರಕ್ಕೆ 70 ಪಾಲು ಸೀಸ, 30 ಪಾಲು ತವರ. ಮೊದಲು ತಗಡನ್ನು ಉಜ್ಜಿ ಹೊಳೆಯಿಸಿ, ಅದರ ಮೇಲೆ ತೆಳುವಾಗಿ ತವರದ ಲೇಪ ಕೊಡಬೇಕು. ನಮ್ಮಲ್ಲಿ ಕಲಾಯಿಯವನು ಹಿತ್ತಾಳೆಯ ಪಾತ್ರೆಗೆ ನವಸಾಗರ ಉದುರಿಸಿ, ಕಾಯಿಸಿ, ತವರವನ್ನು ಬಟ್ಟೆಯಿಂದ ಸವರುತ್ತಿದ್ದನಲ್ಲ, ಬಹುಮಟ್ಟಿಗೆ ಅದೇ ವಿದ್ಯೆ. ಲೇಪ ಹಿಡಿದ ಮೇಲೆ ಸೀಸದ ಕಡ್ಡಿಯನ್ನು ಜ್ವಾಲೆಯಲ್ಲಿ ಮೆತ್ತಗಾಗಿಸಿ, ಕೊಬ್ಬು ಅಥವಾ ಜೇನುಮೇಣ ಸವರಿದ ಮರದ ಹಲಗೆಯಿಂದ ಬೆಣ್ಣೆಯಂತೆ ಹರಡುತ್ತಾರೆ. ಶಾಖ ಹೆಚ್ಚಾದರೆ ಸೀಸ ನೀರಾಗಿ ನೆಲಕ್ಕೆ ಬೀಳುತ್ತದೆ, ಕಡಿಮೆಯಾದರೆ ಹರಡುವುದಿಲ್ಲ. ಆರಿದ ಮೇಲೆ ಅರದಿಂದ ಸಮಮಾಡುತ್ತಾರೆ. ಆ ಧೂಳು ವಿಷ. ಮುಖಕ್ಕೆ ಬಟ್ಟೆಯನ್ನೂ ಕಟ್ಟದೆ ದುಡಿದವರು ಅದನ್ನು ಉಸಿರಾಡಿದರು. ಇಂದು ಈ ಕೆಲಸದಲ್ಲಿ ಹೆಚ್ಚಾಗಿ ರಾಸಾಯನಿಕ ಪುಟ್ಟಿ ಬಂದಿದೆ. ಸೀಸ ಬಳಸುವವರು ಮುಖಕವಚ ಧರಿಸುತ್ತಾರೆ. ಚಂದದ ವಸ್ತುವಿನ ಹಿಂದೆ ಯಾರದೋ ಶ್ವಾಸಕೋಶದ ಬೆಲೆಯೂ ಇರುತ್ತದೆ ಎಂಬುದನ್ನು ನಾವು ಮರೆಯಬಾರದು.

ಬ್ಯಾರಿಸ್ ಸೋದರರ ಕೆಲಸದಲ್ಲಿ ಅತ್ಯಂತ ಪ್ರಸಿದ್ಧವಾದುದು 1951ರ ಒಂದು ಮರ್ಕ್ಯುರಿ ಕಾರು. ಬಾಬ್ ಹಿರೋಹಾಟ ಎಂಬ ಜಪಾನಿ ಮೂಲದ ಅಮೆರಿಕನ್ ತರುಣನಿಗಾಗಿ 1952ರಲ್ಲಿ ಅದನ್ನು ಎರಡು ಬಗೆಯ ಹಸಿರು ಬಣ್ಣದಲ್ಲಿ ಅವರು ರೂಪಾಂತರಿಸಿದರು. ಪ್ರದರ್ಶನಗಳಲ್ಲಿ ಬಹುಮಾನ ಗೆದ್ದ ಆ ಕಾರು ಕೆಲವೇ ವರ್ಷಗಳಲ್ಲಿ ಹಳೆಯ ಫ್ಯಾಷನ್ ಆಯಿತು, ಕೈಯಿಂದ ಕೈಗೆ ದಾಟಿತು. 1959ರಲ್ಲಿ ಒಬ್ಬ ಹದಿಹರೆಯದ ಹುಡುಗ 500 ಡಾಲರ್ ಕೊಟ್ಟು ಅದನ್ನು ಕೊಂಡ. ಕೆಲವು ಕಾಲ ಓಡಿಸಿದ, ಆಮೇಲೆ ಶೆಡ್ಡಿನಲ್ಲಿ ನಿಲ್ಲಿಸಿದ, ಆದರೆ ಮಾರಲಿಲ್ಲ. ದಶಕಗಳ ಅನಂತರ, ಮಧ್ಯವಯಸ್ಸಿನಲ್ಲಿ, ಅದರ ಜೀರ್ಣೋದ್ಧಾರಕ್ಕೆ ಕೈಹಾಕಿದ. ಇಲ್ಲೊಂದು ಸೊಗಸಾದ ಪ್ರಶ್ನೆ ಹುಟ್ಟುತ್ತದೆ. ಮೂಲ ರೂಪಕ್ಕೆ ತರಬೇಕೆಂದರೆ ಯಾವ ಮೂಲಕ್ಕೆ? 1951ರಲ್ಲಿ ಕಾರ್ಖಾನೆ ಕೊಟ್ಟ ರೂಪಕ್ಕೋ, 1952ರಲ್ಲಿ ಬ್ಯಾರಿಸ್ ಕೊಟ್ಟ ರೂಪಕ್ಕೋ? ಅವರು ಎರಡನೆಯದನ್ನೇ ಆರಿಸಿದರು. ಏಕೆಂದರೆ ಕಾರ್ಖಾನೆಯ ಮರ್ಕ್ಯುರಿಗಳು ಸಾವಿರಾರು. ಹಿರೋಹಾಟನ ಮರ್ಕ್ಯುರಿ ಒಂದೇ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ಚಾರಿತ್ರಿಕ ವಾಹನಗಳ ದಾಖಲೆಯಲ್ಲಿ ಅದು ಸೇರಿತು. 2022ರ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರಿಗೆ ಹೋಯಿತು. ಒಂದು ಕಾಲದ ಉಲ್ಲಂಘನೆ ಇನ್ನೊಂದು ಕಾಲದ ಪರಂಪರೆಯಾಗುವುದು ಹೀಗೆ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುವ ಅಧ್ಯಾಯಕ್ಕೆ ಬರುತ್ತೇನೆ. ಲಾಸ್ ಏಂಜಲೀಸಿನ ಪೂರ್ವಭಾಗದಲ್ಲಿ ಮೆಕ್ಸಿಕನ್ ಮೂಲದ ಜನರ ಬಡಾವಣೆಗಳಿವೆ. ಅಲ್ಲಿನ ತರುಣರು ವೇಗಕ್ಕೆ ಬದಲಾಗಿ ನಿಧಾನವನ್ನು ಆರಿಸಿದರು. ಕಾರನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ, ಹೊಳಪಿನ ಬಣ್ಣ ಪದರ ಪದರವಾಗಿ ಬಳಿದು, ಒಳಗೆ ಮಖಮಲ್ಲು ಹಾಸಿ, ಸಂಜೆಯ ಹೊತ್ತು ವಿಟಿಯರ್ ಬುಲೆವಾರ್ಡ್ ಎಂಬ ಬೀದಿಯಲ್ಲಿ ಮೆರವಣಿಗೆಯಂತೆ ಸಾಗುವುದು ಅವರ ರೀತಿ. ಇವಕ್ಕೆ ಲೋರೈಡರ್ ಎಂದು ಹೆಸರು. ಆರಂಭದಲ್ಲಿ ಡಿಕ್ಕಿಯಲ್ಲಿ ಮರಳಿನ ಚೀಲಗಳನ್ನು ಹೇರಿಯೋ, ಸ್ಪ್ರಿಂಗುಗಳನ್ನು ಕತ್ತರಿಸಿಯೋ ಕಾರನ್ನು ತಗ್ಗಿಸುತ್ತಿದ್ದರು.

ಸರ್ಕಾರಕ್ಕೆ ಇದು ಹಿಡಿಸಲಿಲ್ಲ. ಕಾರಿನ ಯಾವ ಭಾಗವೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗಿರುವಂತೆ ತಿದ್ದಬಾರದೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 1958ರಲ್ಲಿ ಜಾರಿಗೆ ಬಂತು. ಕಾನೂನಿಗೆ ಉತ್ತರ ಕೊಟ್ಟದ್ದು ಶೆಡ್ಡು. ರಾನ್ ಅಗೀರೆ ಎಂಬ ತರುಣ 1959ರ ಸುಮಾರಿಗೆ ತನ್ನ ಕಾರ್ವೆಟ್ ಕಾರಿಗೆ, ಯುದ್ಧಕಾಲದ ವಿಮಾನಗಳಿಂದ ಗುಜರಿಗೆ ಬಂದ ಹೈಡ್ರಾಲಿಕ್ ಪಂಪು ಮತ್ತು ಸಿಲಿಂಡರುಗಳನ್ನು ಜೋಡಿಸಿದ. ಬ್ಯಾಟರಿಯಿಂದ ಓಡುವ ಪಂಪು ಎಣ್ಣೆಯನ್ನು ಒತ್ತಡದಿಂದ ಸಿಲಿಂಡರಿಗೆ ತಳ್ಳಿದರೆ ಕಾರು ಏಳುತ್ತದೆ; ಎಣ್ಣೆಯನ್ನು ಹಿಂದಕ್ಕೆ ಬಿಟ್ಟರೆ ಇಳಿಯುತ್ತದೆ. ಪೊಲೀಸರು ಕಂಡರೆ ಗುಂಡಿ ಒತ್ತಿ ಏರಿಸುವುದು, ಅವರು ಹೋದ ಮೇಲೆ ಇಳಿಸುವುದು! ಪಾಸ್ಕಲನ ನಿಯಮವನ್ನು ಪ್ರಯೋಗಶಾಲೆಯಲ್ಲಿ ಕಲಿತ ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? 1964ರ ಷೆವರ್ಲೆ ಇಂಪಾಲ ಈ ಜನರ ಪಟ್ಟದ ಕಾರಾಯಿತು.

ಪೊಲೀಸರ ಕಾಟ ಮುಂದುವರಿಯಿತು. 1980ರ ದಶಕದಲ್ಲಿ ರಾಜ್ಯದ ಕಾನೂನು ಬಲದಿಂದ ಹಲವು ನಗರಗಳು ನಿಧಾನ ಸಂಚಾರವನ್ನೇ ನಿಷೇಧಿಸಿದವು. ನಿಧಾನವಾಗಿ ಹೋಗುವುದು ಅಪರಾಧವಾಗುವುದು ಹೇಗೆ ಎಂದು ನೀವು ಕೇಳಬಹುದು. ಗದ್ದಲ, ಗುಂಪುಗಾರಿಕೆ, ವಾಹನ ದಟ್ಟಣೆ ಎಂಬ ಕಾರಣಗಳನ್ನು ಕೊಟ್ಟರು. ಆದರೆ ಆ ಬಡಾವಣೆಯವರಿಗೆ ತಿಳಿದದ್ದು, ತಮ್ಮ ಚರ್ಮದ ಬಣ್ಣದ ಕಾರಣಕ್ಕೆ ತಮ್ಮ ಕಾರಿನ ಬಣ್ಣವೂ ಸಂಶಯಕ್ಕೆ ಗುರಿಯಾಯಿತು ಎಂಬುದು. ಅವರು ಸಂಘಗಳನ್ನು ಕಟ್ಟಿಕೊಂಡು ದಾನಧರ್ಮದ ಕೆಲಸಕ್ಕೂ ಹಕ್ಕೊತ್ತಾಯಕ್ಕೂ ನಿಂತರು. ಕೊನೆಗೆ 2023ರ ಅಕ್ಟೋಬರಿನಲ್ಲಿ ರಾಜ್ಯಪಾಲರ ಅಂಕಿತ ಬಿದ್ದ ಕಾನೂನೊಂದು, 2024ರ ಜನವರಿ 1ರಿಂದ, ಎತ್ತರದ ನಿರ್ಬಂಧವನ್ನೂ ಸಂಚಾರದ ನಿಷೇಧವನ್ನೂ ರದ್ದುಪಡಿಸಿತು. ಆರು ದಶಕಗಳಿಗೂ ಮೀರಿದ ಹೋರಾಟ. ತರುಣರಾಗಿದ್ದಾಗ ದಂಡ ಕಟ್ಟಿದವರು ಮೊಮ್ಮಕ್ಕಳನ್ನು ಕೂರಿಸಿಕೊಂಡು ಅದೇ ಬೀದಿಯಲ್ಲಿ ಕಾನೂನುಬದ್ಧವಾಗಿ ಹೋಗುವಂತಾಯಿತು.

ನ್ಯೂ ಮೆಕ್ಸಿಕೊ ರಾಜ್ಯದ ಚಿಮಾಯೊ ಎಂಬ ಪುಟ್ಟ ಊರು ಯಾತ್ರಾಸ್ಥಳವೆಂದು ಹೆಸರಾದುದು. ಅಲ್ಲಿನ ಡೇವ್ ಎಂಬ ತರುಣ 1969ರ ಫೋರ್ಡ್ ಎಲ್‌ಟಿಡಿ ಕಾರೊಂದನ್ನು ತನ್ನ ಕುಟುಂಬದ ಕಾರಾಗಿ ಲೋರೈಡರ್ ರೂಪಕ್ಕೆ ತಿದ್ದುತ್ತಿದ್ದ. ಕೆಲಸ ಮುಗಿಯುವ ಮೊದಲೇ, 1978ರಲ್ಲಿ, ಅಪಘಾತವೊಂದರಲ್ಲಿ ತೀರಿಕೊಂಡ. ಪತ್ನಿ, ಬಂಧುಗಳು, ಮಿತ್ರರು ಸೇರಿ ಅವನು ಬಯಸಿದ್ದಂತೆಯೇ ಅದನ್ನು ಪೂರ್ಣಗೊಳಿಸಿದರು; 'ಡೇವ್‌ನ ಕನಸು' ಎಂಬರ್ಥದ ಹೆಸರಿಟ್ಟರು. ಇಂದು ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯ ಅಮೆರಿಕನ್ ಚರಿತ್ರೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಅಧ್ಯಕ್ಷರುಗಳ ಸ್ಮಾರಕ ವಸ್ತುಗಳನ್ನು ಕಾಪಾಡುವ ಸಂಸ್ಥೆಯಲ್ಲಿ ಒಬ್ಬ ಸಾಮಾನ್ಯನ ಅಪೂರ್ಣ ಆಸೆಗೂ ಸ್ಥಳ ದೊರೆತಿದೆ. ಶ್ರಾದ್ಧವನ್ನು ಶ್ರದ್ಧೆಯಿಂದ ಮಾಡುವುದು ಎಂದು ನಮ್ಮ ಹಿರಿಯರು ಹೇಳುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಮನೆಯಲ್ಲಿ ನಡೆಯುವ ಕೆಲಸದ ಕ್ರಮವನ್ನೂ ಸ್ವಲ್ಪ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಗನ ಮನೆಯಲ್ಲಿ ಕೆಲವು ತಿಂಗಳಿದ್ದಾಗ, ನೆರೆಮನೆಯ ನಿವೃತ್ತ ಗೃಹಸ್ಥರೊಬ್ಬರು ತಮ್ಮ ತಂದೆಯ ಕಾಲದ 1966ರ ಫೋರ್ಡ್ ಮಸ್ಟಾಂಗನ್ನು ಬಿಚ್ಚಿಟ್ಟಿದ್ದರು. ಮಸ್ಟಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ 2,368 ಡಾಲರ್ ಬೆಲೆಗೆ ಬಿಡುಗಡೆಯಾಗಿ, ಎರಡು ವರ್ಷ ತುಂಬುವುದರೊಳಗೆ ಹತ್ತು ಲಕ್ಷ ತಯಾರಾದ ಕಾರು. ಆದ್ದರಿಂದಲೇ ಅದರ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಅವರು ಪ್ರತಿಯೊಂದು ಬೋಲ್ಟನ್ನೂ ಚಿಕ್ಕ ಚೀಲದಲ್ಲಿ ಹಾಕಿ, ಅದು ಎಲ್ಲಿಯದೆಂದು ಚೀಟಿ ಬರೆದು, ಬಿಚ್ಚುವ ಮೊದಲೇ ಛಾಯಾಚಿತ್ರ ತೆಗೆದಿಟ್ಟಿದ್ದರು. ಹಸ್ತಪ್ರತಿಯ ಗರಿಗಳಿಗೆ ಸಂಖ್ಯೆ ಹಾಕುವ ಸಂಪಾದಕರಂತೆ ಕಂಡರು. ಚಾಲಕನ ಬಾಗಿಲಿಗೆ ಹೊಡೆದ ಪುಟ್ಟ ಲೋಹದ ಪಟ್ಟಿಯಲ್ಲಿ ಮೂಲ ಬಣ್ಣ, ಒಳಗಿನ ಬಟ್ಟೆ, ತಯಾರಿಕೆಯ ದಿನ ಎಲ್ಲವೂ ಸಂಕೇತಗಳಲ್ಲಿರುತ್ತವೆ. ಅದನ್ನು ಓದುವುದು ಶಾಸನ ಓದಿದಂತೆಯೇ.

ಆ ಕಾರಿನ ದೊಡ್ಡ ಶತ್ರು ತುಕ್ಕು. ಮುಂಗಾಜಿನ ಕೆಳಗೆ ಗಾಳಿ ಒಳಬರುವ ಕಿಂಡಿಯಲ್ಲಿ ಮಳೆನೀರು ನಿಂತು, ಒಳಗಿಂದೊಳಗೇ ತಗಡು ತಿಂದು, ಕಾಲಡಿಯ ನೆಲಕ್ಕೆ ಸೋರುತ್ತದೆ. ಮಸ್ಟಾಂಗಿಗೆ ಪ್ರತ್ಯೇಕ ಅಸ್ಥಿಪಂಜರವಿಲ್ಲ. ಒಡಲೇ ಭಾರ ಹೊರುತ್ತದೆ. ಹಾಗಾಗಿ ಕೊಳೆತ ತಗಡನ್ನು ಕತ್ತರಿಸುವ ಮೊದಲು ಒಡಲು ಬಾಗದಂತೆ ಆಸರೆ ಕೊಡಬೇಕು. ಸೀಸವಿರುವ ಪೆಟ್ರೋಲು ಅಮೆರಿಕದ ರಸ್ತೆ ವಾಹನಗಳಿಗೆ 1996ರಿಂದ ಪೂರ್ಣ ನಿಷಿದ್ಧವಾದ್ದರಿಂದ, ಹಳೆಯ ಎಂಜಿನ್ ಬಿಚ್ಚಿದಾಗ ವಾಲ್ವ್ ಕೂರುವ ಜಾಗಕ್ಕೆ ಗಡಸು ಉಕ್ಕಿನ ಬಳೆ ಹಾಕಿಸುತ್ತಾರೆ. ಸೀಸವು ಆ ಜಾಗವನ್ನು ಸವೆತದಿಂದ ಕಾಯುತ್ತಿತ್ತು. ಬ್ರೇಕಿನ ಎಣ್ಣೆಗೆ ಆ ಕಾಲದಲ್ಲಿ ಒಂದೇ ದಾರಿ ಇತ್ತು. ಒಂದು ಕಡೆ ಸೋರಿದರೆ ನಾಲ್ಕು ಚಕ್ರಗಳ ಹಿಡಿತವೂ ಹೋಗುತ್ತಿತ್ತು. ಅವರು ಅದನ್ನು ಎರಡು ದಾರಿಯ ವ್ಯವಸ್ಥೆಗೆ ಬದಲಿಸಿ, ಮುಂದೆ ಡಿಸ್ಕ್ ಬ್ರೇಕ್ ಹಾಕಿದರು. ಮೂಲಕ್ಕೆ ದ್ರೋಹವಲ್ಲವೇ ಎಂದು ಕೇಳಿದೆ. "ಮೊಮ್ಮಗಳು ಇದರಲ್ಲಿ ಕೂರುತ್ತಾಳೆ" ಎಂದಷ್ಟೇ ಹೇಳಿದರು. ಆದರೆ ಸ್ಟಿಯರಿಂಗಿನ ಮೇಲೆ ತಂದೆಯ ಅಂಗೈ ಸವೆಸಿದ ಗುರುತನ್ನು ಮಾತ್ರ ಮುಟ್ಟಲಿಲ್ಲ. ಹೊಸ ಸ್ಟಿಯರಿಂಗ್ ಅಂಗಡಿಯಲ್ಲಿ ಸಿಗುತ್ತಿತ್ತು. ಯಾವುದನ್ನು ಬದಲಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕಕ್ಕೆ ಯಾವ ಕೈಪಿಡಿಯೂ ಇಲ್ಲ.

ಹವ್ಯಾಸವಲ್ಲದೆ ನಿರ್ಬಂಧವೇ ಜೀರ್ಣೋದ್ಧಾರ ಮಾಡಿಸಿದ ದೇಶವೂ ಇದೆ. ಕ್ಯೂಬಾದಲ್ಲಿ 1959ರ ಕ್ರಾಂತಿಯ ಅನಂತರ ಅಮೆರಿಕದ ಕಾರುಗಳು ಬರುವುದು ನಿಂತಿತು. 1962ರಲ್ಲಿ ಅಮೆರಿಕವು ವ್ಯಾಪಾರವನ್ನು ಬಹುತೇಕ ಪೂರ್ತಿ ಬಂದ್ ಮಾಡಿತು. 1950ರ ದಶಕದ ಷೆವರ್ಲೆ, ಬ್ಯೂಕುಗಳಿಗೆ ಅಲ್ಲಿನ ಕುಶಲಿಗಳು ಸೋವಿಯತ್ ಕಾರುಗಳ ಭಾಗಗಳನ್ನೂ ಡೀಸೆಲ್ ಎಂಜಿನುಗಳನ್ನೂ ಕೂರಿಸಿ ಟ್ಯಾಕ್ಸಿಯಾಗಿ ಓಡಿಸಿದರು. 2011ರವರೆಗೆ ಅಲ್ಲಿ ಮುಕ್ತವಾಗಿ ಮಾರಬಹುದಾಗಿದ್ದ ಕಾರುಗಳೆಂದರೆ ಕ್ರಾಂತಿಗೆ ಮುಂಚಿನವು ಮಾತ್ರ.

ನಮ್ಮ ನಾಡಿಗೂ ಈ ಕಥೆಯ ಒಂದು ಎಳೆ ತಾಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ವಯಸ್ಸಿನಲ್ಲಿ, 1935ರಲ್ಲಿ, ಯುರೋಪು ಮತ್ತು ಅಮೆರಿಕಕ್ಕೆ ಹೋಗಿ ಮೋಟಾರು ಕಾರ್ಖಾನೆಗಳನ್ನು ಅಭ್ಯಾಸ ಮಾಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಸಿದ್ಧಪಡಿಸಿದರು. ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡು 1940ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪನೆಯಾಗಿ, 1947ರಿಂದ ಮುಂಬಯಿಯಲ್ಲಿ ಡಾಡ್ಜ್, ಪ್ಲಿಮತ್ ವಾಹನಗಳ ಜೋಡಣೆ ಆರಂಭವಾಯಿತು. 1950ರ ದಶಕದ ಮಧ್ಯದಲ್ಲಿ ಆಮದು ಬಿಗಿಯಾಗಿ ಫೋರ್ಡ್, ಜನರಲ್ ಮೋಟಾರ್ಸ್ ತಮ್ಮ ಜೋಡಣಾ ಘಟಕಗಳನ್ನು ಮುಚ್ಚಿದವು. ಆಗಿನಿಂದ ಇಲ್ಲಿ ಉಳಿದ ಅಮೆರಿಕನ್ ವಾಹನಗಳಿಗೆ ನಮ್ಮ ಮೇಸ್ತ್ರಿಗಳೇ ಗತಿ. ಅದಕ್ಕೂ ಮೊದಲು, ಯುದ್ಧಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ, ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಅನಿಲದಿಂದ ಓಡಿಸಿದವರೂ ಇಂಥ ಕುಶಲಿಗಳೇ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಅವನ್ನು ಕೊಂಡ ಶ್ರೀಮಂತರ ಹೆಸರು ಎಲ್ಲಾದರೂ ಉಳಿದಿರುತ್ತದೆ. ದಶಕಗಳ ಕಾಲ ಅವನ್ನು ಓಡುವಂತೆ ಇಟ್ಟ ಟಿಂಕರಿನವರ, ಪೇಂಟರುಗಳ, ಲೇತಿನವರ ಹೆಸರು ಉಳಿದಿರುವುದಿಲ್ಲ.

ಇದೇ ನನ್ನ ಮಾತಿನ ಸಾರ. ಅಮೆರಿಕದ ಸಾಮಾನ್ಯರು ತಮ್ಮ ಹಿತ್ತಿಲಿನ ಕೆಲಸವನ್ನು ಪತ್ರಿಕೆಯಲ್ಲಿ ಬರೆದಿಟ್ಟರು, ಸಂಘ ಕಟ್ಟಿದರು, ಅನ್ಯಾಯದ ಕಾನೂನನ್ನು ಎದುರಿಸಿದರು, ಕೊನೆಗೆ ವಸ್ತುಸಂಗ್ರಹಾಲಯದ ಬಾಗಿಲನ್ನೂ ತೆರೆಸಿದರು. ಆದ್ದರಿಂದ ಅವರ ಚರಿತ್ರೆ ನಮಗೆ ಸಿಗುತ್ತದೆ. ನಮ್ಮ ಮೇಸ್ತ್ರಿಗಳ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಹೋಯಿತು, ಬರೆದವರು ಕಡಿಮೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ, ನಿಮ್ಮ ಊರಿನ ಬಸ್ ನಿಲ್ದಾಣದ ಹಿಂದೆಯೋ ಇಂಥ ಹಿರಿಯರು ಇನ್ನೂ ಕೆಲವರು ಇದ್ದಾರು. ನಿಮ್ಮ ಬಂಧುಗಳಲ್ಲೇ ಲಾರಿ ಬಾಡಿ ಕಟ್ಟಿದವರು, ಹಳೆಯ ಡಾಡ್ಜಿಗೆ ಬೇರೆ ಎಂಜಿನ್ ಕೂರಿಸಿದವರು ಇರಬಹುದು. ಅವರ ಬಳಿ ಕುಳಿತು ಕೇಳಿ. ಉಪಕರಣಗಳ ಹೆಸರು, ಕೆಲಸದ ಕ್ರಮ, ಕಲಿಸಿದ ಗುರುವಿನ ಹೆಸರು, ಪಡೆದ ಕೂಲಿ ಎಲ್ಲವನ್ನೂ ಬರೆದಿಡಿ. ಎರಡು ಪುಟವಾದರೂ ಸಾಕು. ನನಗೆ ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ; ಕಾಗುಣಿತ ತಿದ್ದುವ ಹಳೆಯ ಅಭ್ಯಾಸ ಮಾತ್ರ ಬಿಟ್ಟಿಲ್ಲ ಎಂಬುದು ನೆನಪಿರಲಿ.

ಎಲ್ಲರಿಗೂ ಶುಭವಾಗಲಿ.